ಜೋಡಿ ಕಟ್ಟದ ಕುಸ್ತಿ

ಮೈಸೂರಿನಲ್ಲಿ ದಸರಾ ಕುಸ್ತಿ ಮುಗಿದ ಮೇಲೆ ಮಂಡ್ಯದ ಹೋಟೆಲುಗಳಲ್ಲಿ, ಮದ್ದೂರಿನ ಬಸ್ ನಿಲ್ದಾಣದಲ್ಲಿ, ಮಳವಳ್ಳಿಯ ಸಂತೆಯಲ್ಲಿ ಇನ್ನೊಂದು ಕುಸ್ತಿ ಶುರುವಾಗುತ್ತದೆ. ಇದರಲ್ಲಿ ಸತ್ತವರನ್ನೂ ಬದುಕಿರುವವರನ್ನೂ ಒಂದೇ ಮಟ್ಟಿಗೆ ಇಳಿಸುತ್ತಾರೆ. ಗಾಮಾ ಪೈಲ್ವಾನನ ಮುಂದೆ ಈಗಿನವರು ಎಷ್ಟು ಹೊತ್ತು ನಿಂತಾರು? ತೀರ್ಪು ಮೊದಲೇ ಬರೆದಿಟ್ಟದ್ದು: "ಅವೆಲ್ಲಾ ಆ ಕಾಲಕ್ಕೇ ಹೋಯ್ತು ಬುಡಪ್ಪಾ, ಈಗಿನ ಹೈಕ್ಳು ಏನ್ ಮಾಡ್ತವೆ?" ಮೊಬೈಲಿನಲ್ಲಿ ಬಾಕ್ಸಿಂಗ್ ನೋಡುವ ಹುಡುಗರ ಜಗಳವೂ ಇದೇ, ಹೆಸರುಗಳು ಮಾತ್ರ ಬೇರೆ. ಆರ್ಚಿ ಮೂರ್ ದೊಡ್ಡವನೋ, ರಾಯ್ ಜೋನ್ಸ್ ದೊಡ್ಡವನೋ? ಹಿರಿಯರ ಒಲವು ಹಳಬರ ಕಡೆ, ಹುಡುಗರದ್ದು ಹೊಸಬರ ಕಡೆ. ಈ ಎರಡು ತೀರ್ಪುಗಳೂ ಅನ್ಯಾಯದವು ಎಂಬುದು ನನ್ನ ವಾದ.

ಬಾಕ್ಸಿಂಗ್‌ನಲ್ಲಿ ಲೈಟ್ ಹೆವಿವೇಟ್ ಎಂಬ ದರ್ಜೆಯಿದೆ. 1903ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ತೂಕದ ಮಿತಿ 175 ಪೌಂಡ್, ಅಂದರೆ ಹತ್ತಿರಹತ್ತಿರ 79.4 ಕಿಲೋ. ಮುಹಮ್ಮದ್ ಅಲಿ ಇನ್ನೂ ಕ್ಯಾಷಿಯಸ್ ಕ್ಲೇ ಆಗಿದ್ದಾಗ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಹೆಸರಿನ ದರ್ಜೆಯಲ್ಲಿ. ತೂಕ ಒಂದೇ ಎಂದ ಮೇಲೆ ಹೋಲಿಸಲು ಅಡ್ಡಿಯೇನು ಎಂದು ಕೇಳುತ್ತಾರೆ. ಅಡ್ಡಿ ಇದೆ. ಮೂರ್ ಕಾಲದಲ್ಲಿ ಪಟ್ಟದ ಪಂದ್ಯಕ್ಕೆ ಹದಿನೈದು ಸುತ್ತು, ಈಗ ಹನ್ನೆರಡು. ಆಗ ಪಂದ್ಯದ ದಿನವೇ ತಕ್ಕಡಿ ಹತ್ತಬೇಕಿತ್ತು. ಈಗ ಹಿಂದಿನ ದಿನ ತೂಕ ಕೊಟ್ಟು, ರಾತ್ರಿಯೆಲ್ಲ ಉಂಡು ಕುಡಿದು, ಮರುದಿನ ಕೆಲವು ಕಿಲೋ ಹೆಚ್ಚಿ ರಿಂಗಿಗೆ ಇಳಿಯಬಹುದು. ಮೂರ್ ತನ್ನ ಜೀವಮಾನದಲ್ಲಿ ಇನ್ನೂರಕ್ಕೂ ಹೆಚ್ಚು ಪಂದ್ಯ ಆಡಿದ. 2025ರ ಫೆಬ್ರವರಿಯಲ್ಲಿ ರಿಯಾದಿನಲ್ಲಿ ಬೆಟರ್‌ಬಿಯೆವ್‌ನನ್ನು ಸೋಲಿಸಿ ಈ ದರ್ಜೆಯ ಎಲ್ಲ ಪಟ್ಟ ಗೆದ್ದ ದ್ಮಿತ್ರಿ ಬಿವೊಲ್‌ಗೆ ಅದು ಇಪ್ಪತ್ತೈದನೆಯ ವೃತ್ತಿಪರ ಪಂದ್ಯ. ಒಬ್ಬನದು ಹೊಟ್ಟೆಪಾಡಿಗೆ ವಾರಗಳ ಅಂತರದಲ್ಲಿ ಗುದ್ದಾಡಿದ ಬದುಕು. ಇನ್ನೊಬ್ಬನದು ತಿಂಗಳುಗಟ್ಟಲೆ ತಯಾರಿ ನಡೆಸಿ ಇಳಿಯುವ ಬದುಕು. ತಕ್ಕಡಿ ತೂಗುವುದು ಮೈಯನ್ನು, ಕಾಲವನ್ನಲ್ಲ.

ಇದು ನಮ್ಮ ಗರಡಿಯವರಿಗೆ ಗೊತ್ತಿಲ್ಲದ ಮಾತೇ? ನಾಡಕುಸ್ತಿ ನಡೆಸುವ ಮೊದಲು ಜೋಡಿ ಕಟ್ಟುತ್ತಾರೆ. ಮೈಕಟ್ಟು ನೋಡಿ, ವಯಸ್ಸು ಕೇಳಿ, ಯಾವ ಉಸ್ತಾದರ ಶಿಷ್ಯ, ಹಿಂದೆ ಯಾರ ಮೇಲೆ ಆಡಿದ್ದಾನೆ ಎಂದು ವಿಚಾರಿಸಿ ಸರಿಜೋಡಿ ಹುಡುಕುತ್ತಾರೆ. ಹದಿನಾರರ ಹುಡುಗನನ್ನು ಮೂವತ್ತರ ಪೈಲ್ವಾನನ ಮೇಲೆ ಬಿಟ್ಟರೆ ಪ್ರೇಕ್ಷಕರೇ ಕೂಗೆಬ್ಬಿಸುತ್ತಾರೆ. ಮಟ್ಟಿಯಲ್ಲಿ ಇಷ್ಟು ಇನ್ಸಾಫ್ ಪಾಲಿಸುವ ನಾವು ಹೋಟೆಲಿನ ಬೆಂಚಿನ ಮೇಲೆ ಕೂತ ಕೂಡಲೇ ಅದನ್ನು ಮರೆಯುವುದೇಕೆ?

ಯಂತ್ರದಿಂದ ಈ ಜಗಳ ತೀರಿಸಲು ಹೊರಟವರೂ ಇದ್ದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ರಾಕಿ ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿಯ 'ಪಂದ್ಯ' ತೋರಿಸಿದರು. ಇಬ್ಬರನ್ನೂ ರಿಂಗಿನಲ್ಲಿ ನಿಲ್ಲಿಸಿ ಹುಸಿ ಹೊಡೆತಗಳನ್ನು ಚಿತ್ರೀಕರಿಸಿ, ಫಲಿತಾಂಶ ಕಂಪ್ಯೂಟರ್ ಕೊಟ್ಟದ್ದು ಎಂದು ಸಾರಿದರು. ಸೈನ್ಯಕ್ಕೆ ಸೇರಲು ನಿರಾಕರಿಸಿದ್ದಕ್ಕೆ ಪಟ್ಟ ಕಳೆದುಕೊಂಡು ಅಲಿ ಆಗ ರಿಂಗಿನ ಹೊರಗಿದ್ದ. ಚಿತ್ರ ಬಿಡುಗಡೆಯಾಗುವ ಮೊದಲೇ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಅಮೆರಿಕದಲ್ಲಿ ತೋರಿಸಿದ ಪ್ರತಿಯಲ್ಲಿ ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದ. ಯುರೋಪಿಗೆ ಕಳಿಸಿದ ಪ್ರತಿಯಲ್ಲಿ ಅಲಿ ಗೆದ್ದ! ಕಂಪ್ಯೂಟರ್ ಕೂಡ ಟಿಕೆಟ್ ಕೊಂಡವರ ಮುಖ ನೋಡಿಯೇ ತೀರ್ಪು ಕೊಟ್ಟಿತು. ಹೋಟೆಲಿನ ತೀರ್ಪೂ ಇದಕ್ಕಿಂತ ಬೇರೆಯಲ್ಲ.

ಹಾಗಾದರೆ ಎಲ್ಲರೂ ಸಮಾನರೇ, ದೊಡ್ಡವನು ಚಿಕ್ಕವನು ಎಂಬುದೇ ಇಲ್ಲವೇ? ಇದೆ. ಆದರೆ ಕೇಳುವ ಪ್ರಶ್ನೆ ಬದಲಾಗಬೇಕು. "ಇವನು ಅವನನ್ನು ಚಿತ್ ಮಾಡುತ್ತಿದ್ದನೇ?" ಎಂಬುದಕ್ಕೆ ಉತ್ತರವಿಲ್ಲ. "ತನ್ನ ಕಾಲದಲ್ಲಿ ಇವನು ಯಾರ ಮೇಲೆ ಇಳಿದ, ಯಾರಿಂದ ತಪ್ಪಿಸಿಕೊಂಡ, ಯಾರು ಇವನಿಗೆ ಬಾಗಿಲು ಮುಚ್ಚಿದರು?" ಎಂಬುದಕ್ಕೆ ಉತ್ತರವಿದೆ.

ಎಜ್ಜರ್ಡ್ ಚಾರ್ಲ್ಸ್‌ನನ್ನೇ ತೆಗೆದುಕೊಳ್ಳಿ. ಮೂರ್‌ನನ್ನು 1946, 1947, 1948ರಲ್ಲಿ ಮೂರು ಸಲ ಸೋಲಿಸಿದವನು ಅವನು. ಮುಂದೆ ಹೆವಿವೇಟ್ ಪಟ್ಟವನ್ನೂ ಗೆದ್ದ, 1950ರಲ್ಲಿ ಜೋ ಲೂಯಿಯನ್ನೂ ಸೋಲಿಸಿದ. ಇಂಥವನಿಗೆ ಲೈಟ್ ಹೆವಿವೇಟ್ ಪಟ್ಟಕ್ಕಾಗಿ ಆಡುವ ಅವಕಾಶ ಒಮ್ಮೆಯೂ ಸಿಗಲಿಲ್ಲ. ಮೂರ್‌ಗೆ ಸಿಕ್ಕಿದ್ದು 1952ರ ಡಿಸೆಂಬರ್‌ನಲ್ಲಿ, ಗುದ್ದಾಟಕ್ಕೆ ಇಳಿದು ಹದಿನೈದು ವರ್ಷ ದಾಟಿದ ಮೇಲೆ. ಮೂರ್‌ನನ್ನು 1944ರಲ್ಲಿ ಸೋಲಿಸಿದ ಚಾರ್ಲಿ ಬರ್ಲಿಗೆ ಯಾವ ದರ್ಜೆಯಲ್ಲೂ ಪಟ್ಟದ ಪಂದ್ಯ ಸಿಗಲಿಲ್ಲ. ಅವನು ಪಿಟ್ಸ್‌ಬರ್ಗ್ ನಗರದಲ್ಲಿ ಕಸ ಎತ್ತುವ ಕೆಲಸ ಮಾಡಿ ಬದುಕಿದ. ಮೂವರೂ ಕಪ್ಪು ಜನ. ಪಟ್ಟದ ಬಾಗಿಲಿನ ಕೀಲಿ ಬೇರೆಯವರ ಕೈಯಲ್ಲಿತ್ತು. ಪಟ್ಟಗಳ ಪಟ್ಟಿ ಹಿಡಿದು ಶ್ರೇಷ್ಠರನ್ನು ಎಣಿಸುವವನು ಆ ಕೀಲಿ ಹಿಡಿದವರ ಲೆಕ್ಕವನ್ನೇ ಒಪ್ಪಿದಂತೆ. ಈ ದರ್ಜೆಯಲ್ಲಿ ಅತಿ ದೊಡ್ಡವನು ಯಾರು ಎಂದು ನನ್ನನ್ನು ಕೇಳಿದರೆ, ಆ ಪಟ್ಟ ಕಟ್ಟಿಕೊಳ್ಳದ ಚಾರ್ಲ್ಸ್ ಎನ್ನುತ್ತೇನೆ. ಅದು ಊಹೆಯಲ್ಲ. ಅವನು ಮೂರ್‌ನ ಸಂಗಡ ನಿಜಕ್ಕೂ ಆಡಿದ್ದ.

ಗಾಮಾನ ಕಥೆಯೂ ಇದೇ. 1910ರಲ್ಲಿ ಲಂಡನ್ನಿಗೆ ಹೋದಾಗ ಎತ್ತರ ಸಾಲದು ಎಂದು ಅವನನ್ನು ಪಂದ್ಯಾವಳಿಗೆ ಸೇರಿಸಲಿಲ್ಲ. ಸವಾಲು ಹಾಕಿ, ಬಂದವರನ್ನು ಕೆಡವಿ, ತಾನೇ ಬಾಗಿಲು ತೆರೆಸಿಕೊಂಡ. ಸೆಪ್ಟೆಂಬರ್ 10ರಂದು ಝ್ಬಿಸ್ಕೋ ಎರಡೂವರೆ ಗಂಟೆಗೂ ಹೆಚ್ಚು ಕಾಲ ನೆಲ ಕಚ್ಚಿಕೊಂಡು ಉಳಿದ. ಒಂದು ವಾರದ ನಂತರದ ಮರುಪಂದ್ಯಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಎದುರಾದಾಗ ಒಂದು ನಿಮಿಷವೂ ನಿಲ್ಲಲಿಲ್ಲ. ಗಾಮಾನ ಹಿರಿಮೆಗೆ ಇಷ್ಟು ಸಾಕು. ಅದಕ್ಕಾಗಿ ಇಂದಿನ ಹುಡುಗನನ್ನು ಹೀಯಾಳಿಸುವ ಅಗತ್ಯವಿಲ್ಲ. ಗಾಮಾನ ತಟ್ಟೆಗೆ ಹಾಲು, ಬಾದಾಮಿ, ತುಪ್ಪ ಬಂದದ್ದು ಮಹಾರಾಜರ ಉಗ್ರಾಣದಿಂದ. ಮೈಸೂರಿನಲ್ಲೂ ಪೈಲ್ವಾನರಿಗೆ ಅರಮನೆಯ ಆಸರೆಯಿತ್ತು. ಆ ಉಗ್ರಾಣ ಮುಚ್ಚಿದ ಮೇಲೆ ಗಾಮಾ 1960ರಲ್ಲಿ ಲಾಹೋರಿನಲ್ಲಿ ಕಾಯಿಲೆ, ಬಡತನಗಳಲ್ಲಿ ಸತ್ತ. ಹೊಗಳಿಕೆ ಆಗಲೂ ಬೇಕಾದಷ್ಟಿತ್ತು.

ನನ್ನ ಸಿಟ್ಟು ಇರುವುದು ಇಲ್ಲಿ. "ನಮ್ಮ ಕಾಲದ ಪೈಲ್ವಾನರು" ಎಂಬ ಮಾತು ಈಗ ನೆನಪಾಗಿ ಉಳಿದಿಲ್ಲ, ನೆಪವಾಗಿದೆ. ಮಳವಳ್ಳಿ ಕಡೆಯ ಹುಡುಗನೊಬ್ಬ ಬೆಳಗಿನ ಜಾವ ಎದ್ದು ಸಾಮು ಮಾಡಿ, ಮನೆಯ ರಾಗಿಮುದ್ದೆ ಉಂಡು, ಕಬ್ಬಿನ ಗದ್ದೆಗೆ ನೀರು ಕಟ್ಟಿ, ಸಂಜೆ ಮತ್ತೆ ಗರಡಿಗೆ ಬರುತ್ತಾನೆ. ಅವನು ಕಲಿಯುವುದು ಕೆಮ್ಮಣ್ಣಿನಲ್ಲಿ, ರಾಷ್ಟ್ರಮಟ್ಟದಲ್ಲಿ ಸೆಣಸಬೇಕಾದದ್ದು ಮ್ಯಾಟಿನ ಮೇಲೆ. ಮಾರ್ಫಿಟ್ ಕುಸ್ತಿಗೆ ಗಡಿಯಾರವಿಲ್ಲ, ಅಲ್ಲಿ ಆರು ನಿಮಿಷದ ಪಾಯಿಂಟ್ ಲೆಕ್ಕ. ಸೋತು ಬಂದರೆ ಗಾಮಾನ ಹೆಸರಿನಲ್ಲಿ ಬೈಗುಳ. ಹುಡುಗಿಯಾದರೆ ಬೈಗುಳಕ್ಕೂ ಮೊದಲು ನಗು. ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಕುಸ್ತಿಯ ಬಾಗಿಲು ತೆರೆದದ್ದು 2004ರಲ್ಲಿ, ಬಾಕ್ಸಿಂಗ್‌ನದು 2012ರಲ್ಲಿ. ನಿಜಾಮಾಬಾದಿನ ನಿಖತ್ ಝರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದಳು. ಅವಳನ್ನು ಯಾವ ಕಾಲದ ಯಾರ ಜೊತೆ ತೂಗುತ್ತೀರಿ? ಹಿಂದಿನ ಹೆಣ್ಣುಮಕ್ಕಳನ್ನು ತಕ್ಕಡಿಯ ಹತ್ತಿರಕ್ಕೇ ಬಿಟ್ಟಿರಲಿಲ್ಲವಲ್ಲ!

ಖಾಶಾಬಾ ಜಾಧವ್ ಎಂಬ ಸತಾರಾ ಕಡೆಯ ಹುಡುಗ ಮಣ್ಣಿನಲ್ಲಿ ಕಲಿತು 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದ. ರೂಢಿಯಿಲ್ಲದ ಮ್ಯಾಟಿನ ಮೇಲೆ ಆಡಿ ಆರನೆಯವನಾದ. ಗಾಮಾ ಆಗ ಬದುಕಿದ್ದ, ಹೋಲಿಸಿ ಮೂಗು ಮುರಿಯುವುದು ಸುಲಭವಿತ್ತು. ಆದರೆ 1952ರ ಹೆಲ್ಸಿಂಕಿ ಪ್ರಯಾಣಕ್ಕೆ ದುಡ್ಡು ಸಾಲದಾದಾಗ, ಅವನು ಓದಿದ ಕೊಲ್ಹಾಪುರದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟು ಹಣ ಹೊಂದಿಸಿದರು. ಜಾಧವ್ ಕಂಚು ತಂದ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ಸ್ ಪದಕ ಅದು. ಎರಡನೆಯದಕ್ಕೆ 1996ರವರೆಗೆ, ನಲವತ್ತನಾಲ್ಕು ವರ್ಷ ಕಾಯಬೇಕಾಯಿತು.

ಮನೆ ಒತ್ತೆಯಿಡಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಹಿರಿಯರು ಗರಡಿಯ ಗೋಡೆಯ ಪಟಗಳಿಗೆ ಹಾರ ಹಾಕಲಿ, ಬೇಡ ಎನ್ನುವುದಿಲ್ಲ. ಹಾರದ ಜೊತೆಗೆ ಒಂದು ಮ್ಯಾಟಿಗೆ ಚಂದಾ ಎತ್ತಲಿ. ಗರಡಿಗೆ ಬರುವ ಮಕ್ಕಳಿಗೆ ದಿನಕ್ಕೊಂದು ಲೋಟ ಹಾಲು, ಪಂದ್ಯಕ್ಕೆ ಹೋಗುವಾಗ ಬಸ್ಸಿನ ಚಾರ್ಜು ಕೊಡಲಿ. ಹೆಣ್ಣುಮಕ್ಕಳಿಗೆ ಸಂಜೆಯ ಒಂದು ಹೊತ್ತು ಗರಡಿ ಬಿಟ್ಟುಕೊಡಲಿ. ಇಷ್ಟನ್ನು ಮಾಡಿದವರು ಆಮೇಲೆ ಬೆಂಚಿನ ಮೇಲೆ ಕೂತು ಗಾಮಾನನ್ನು ಯಾರ ಜೊತೆ ಬೇಕಾದರೂ ಹೋಲಿಸಲಿ. ಏನನ್ನೂ ಕೊಡದವರಿಗೆ ಜೋಡಿ ಕಟ್ಟುವ ಹಕ್ಕಿಲ್ಲ.