ಪುಕ್ಕಟೆ ಬೇರೆ, ಮುಕ್ತ ಬೇರೆ ಕಣ್ರೀ!

ಮೊನ್ನೆ ಅಬ್ಬಿಗೇರಿಗೆ ಹೋಗಿದ್ದೆ. ಊರಿಗೆ ಹೋದರೂ ಲ್ಯಾಪ್‌ಟಾಪ್ ಬಿಡಬೇಕಲ್ಲ... ಕಟ್ಟೆ ಮೇಲೆ ಕೂತು ಟಕಟಕ ಅನ್ನಿಸುತ್ತಿದ್ದಾಗ ಕಾಕಾ ಬಂದು, "ಏನಪಾ ಅದು, ಇಷ್ಟೊತ್ತ?" ಅಂದರು.

ಸರ್ವರ್ ವರ್ಚುವಲೈಸೇಶನ್ ಅನ್ನೋದನ್ನ ಅವರಿಗೆ ಹೇಗೆ ಹೇಳೋದು? "ಒಂದ ದೊಡ್ಡ ಮನಿಯೊಳಗ ಗ್ವಾಡಿ ಹಾಕಿ ನಾಕ ಸಂಸಾರ ಇಟ್ಟಂಗ ಕಾಕಾ. ಒಂದ ಮಶಿನ್‌ನ್ಯಾಗ ನಾಕ ಕಂಪ್ಯೂಟರ್ ನಡೀತಾವು. ಆ ಗ್ವಾಡಿ ಹಾಕೋ ಸಾಫ್ಟ್‌ವೇರ್ ಮೊದ್ಲ ಖರೀದಿಗೆ ಸಿಗ್ತಿತ್ತು. ಈಗ ವರ್ಷಾ ರೊಕ್ಕಾ ಕಟ್ಟಬೇಕು."

"ಹಂಗಾದ್ರ ಹೊಲಾ ಮಾರೂದಿಲ್ಲ, ಲಾವಣಿಗಷ್ಟ ಕೊಡ್ತೀನಿ ಅಂದಂಗಾತು!"

ಕಾಕಾ ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ನಾನು ಇನ್ನು ವಿವರ ಹೇಳೋದಷ್ಟೇ :)

2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡಿತು. ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ಬಂದ್, ಬರೀ ಚಂದಾ. ಹಿಂದೆ ಕೊಂಡವರ ಲೈಸೆನ್ಸ್ ರದ್ದಾಗಲಿಲ್ಲ, ನಿಜ. ಆದರೆ ಅವರ ಸಪೋರ್ಟ್ ಒಪ್ಪಂದದ ನವೀಕರಣ ನಿಂತಿತು. ಇಎಸ್‌ಎಕ್ಸ್‌ಐ 7ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಮುಂದಿನ ಆವೃತ್ತಿಗೆ ಹೋಗಬೇಕೆಂದರೆ ಚಂದಾ ಕಟ್ಟಿ. ಅದೂ ಕೋರ್ ಲೆಕ್ಕದಲ್ಲಿ, ಒಂದು ಸಿಪಿಯುಗೆ ಕನಿಷ್ಠ 16. ನಿಮ್ಮ ಸಿಪಿಯುನಲ್ಲಿ ಎಂಟೇ ಕೋರ್ ಇದ್ದರೂ 16ಕ್ಕೆ ರೊಕ್ಕ! ಎಂಟು ಎಕರೆ ಉಳುವವನಿಂದ ಹದಿನಾರು ಎಕರೆಯ ಲಾವಣಿ ವಸೂಲಿ ಮಾಡಿದರೆ ನಮ್ಮೂರಲ್ಲಿ ಪಂಚಾಯ್ತಿ ಸೇರುತ್ತದೆ.

ಬೈಯುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೇಳಿದವರಿಗೆಲ್ಲ "ಉಚಿತ ಇಎಸ್‌ಎಕ್ಸ್‌ಐ ಹಾಕಿಕೊಳ್ಳಿ, ಆರಾಮ" ಅಂದವನು ನಾನೇ. 2024ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದರು. 2025ರ ಏಪ್ರಿಲ್‌ನಲ್ಲಿ ಮತ್ತೆ ಕೊಟ್ಟರು. ಕೊಟ್ಟರಲ್ಲ, ಇನ್ನೇನು ತಕರಾರು ಅಂತೀರಾ? ಕೊಡೋದು, ಕಸಿಯೋದು, ಮತ್ತೆ ಕೊಡೋದು ಎಲ್ಲ ಅವರ ಮರ್ಜಿ ಅನ್ನೋದೇ ತಕರಾರು!

ನಮಗೆ, ಅಂದರೆ ಕನ್ನಡ ಬ್ಲಾಗಿಗರಿಗೆ, ಇದನ್ನು ಬಿಡಿಸಿ ಹೇಳಬೇಕಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಕುಟ್ಟಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಗೀಚಾಗಿ ಕಾಣುತ್ತಿತ್ತು, ನೆನಪಿದೆಯೇ? ಯುನಿಕೋಡ್ ನಮ್ಮನ್ನು ಉಳಿಸಿದ್ದು ಅದು ಪುಕ್ಕಟೆ ಅಂತಲ್ಲ, ಯಾರೊಬ್ಬರ ಫಾಂಟಿಗೂ ಕಟ್ಟುಬಿದ್ದಿಲ್ಲ ಅಂತ.

ಸರ್ವರಿಗೂ ಅಂಥ ದಾರಿ ಇದೆ. ಕೆವಿಎಂ 2007ರಿಂದಲೇ ಲಿನಕ್ಸ್ ಕರ್ನೆಲ್‌ನೊಳಗೆ ಕೂತಿದೆ. ಅದರ ಮೇಲೆ ನಿಂತ ಪ್ರಾಕ್ಸ್‌ಮಾಕ್ಸ್ 2008ರದ್ದು, ಅದೂ ಮುಕ್ತ ತಂತ್ರಾಂಶ. 2024ರಿಂದ ಇಎಸ್‌ಎಕ್ಸ್‌ಐ ಯಂತ್ರಗಳನ್ನು ನೇರ ಎಳೆದುಕೊಳ್ಳುವ ಸೌಲಭ್ಯವೂ ಅದರಲ್ಲಿದೆ. ಬ್ಯಾಕಪ್ ತೆಗೆದಿಟ್ಟು, ವಿಂಡೋಸ್ ಯಂತ್ರವಾದರೆ ಮೊದಲೇ ವರ್ಟ್‌ಐಒ ಡ್ರೈವರ್ ಹಾಕಿ, ಅಷ್ಟೇನೂ ಮುಖ್ಯವಲ್ಲದ ಒಂದು ಯಂತ್ರವನ್ನು ಸಾಗಿಸಿ ನೋಡಿ.

"ಸಪೋರ್ಟ್ ಯಾರು ಕೊಡ್ತಾರೆ?" ಅನ್ನುತ್ತೀರಿ. ದುಡ್ಡು ಕೊಟ್ಟು ತಗೊಳ್ಳಿ ಸ್ವಾಮಿ, ಅಲ್ಲೂ ಮಾರುತ್ತಾರೆ! ಆದರೆ ಕೆಲಸಕ್ಕೆ ಕೂಲಿ ಕೊಡೋದು ಬೇರೆ, ನಮ್ಮ ಮನೆಯಲ್ಲಿ ನಾವೇ ಇರೋದಕ್ಕೆ ಅಪ್ಪಣೆ ಕೊಳ್ಳೋದು ಬೇರೆ. ಕೂಲಿ ಜಾಸ್ತಿಯಾದರೆ ಬೇರೆ ಆಳು ಸಿಗುತ್ತಾನೆ. ಅಪ್ಪಣೆ ಕೊಡುವವನು ಒಬ್ಬನೇ.

ಲಾವಣಿ ಹೊಲಕ್ಕೆ ಯಾರೂ ಬದು ಹಾಕಿಸೋದಿಲ್ಲ ಅಂತಾರೆ ಕಾಕಾ. ನೀವೇನಂತೀರಿ?