ಬಾಡಿಗೆ ಮನೆಯ ಕಾಯ್ದೆ ಮಾಧವನಗರದ ಫಲಕದ ಮೇಲೆ ಬರಲಿ

ಮಾನ್ಯ ಸಾಂಗಲಿ ಜಿಲ್ಲಾಧಿಕಾರಿಗಳಿಗೆ ಹಾಗೂ ಮಾಧವನಗರದ ಸರಪಂಚರಿಗೆ,

ನಮ್ಮೂರಿನಲ್ಲಿ ಮನೆ ಬಾಡಿಗೆಯ ವ್ಯವಹಾರ ಇವತ್ತಿಗೂ ಹೆಚ್ಚಾಗಿ ಬಾಯಿಮಾತಿನ ಮೇಲೆ ನಡೆದಿದೆ. ಕುಪವಾಡದ ಎಂಐಡಿಸಿ ಕಾರ್ಖಾನೆಗಳಲ್ಲಿ ದುಡಿಯುವವರು, ಮಿರಜದ ದವಾಖಾನೆಗಳಲ್ಲಿ ಕೆಲಸ ಮಾಡುವವರು, ಜತ್ತ, ಅಥಣಿ, ವಿಜಯಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕನ್ನಡದ ಮಂದಿ ಡಿಪಾಜಿಟ್ ಕೈಗಿಟ್ಟು ಒಂದು ಖೋಲಿ ಹಿಡಿಯುತ್ತಾರೆ. ಪಾವತಿ (ರಸೀದಿ) ಕೇಳಿದರೆ ಮಾಲಕರ ಮುಖ ಗಂಟಾಗುತ್ತದೆ. ಕೇಳದೆ ಸುಮ್ಮನಿದ್ದರೆ, ಮನೆ ಬಿಡುವ ದಿನ ಕೊಟ್ಟದ್ದೆಷ್ಟು ಎಂಬುದೇ ಜಗಳವಾಗುತ್ತದೆ. ಈ ಊರಿನಲ್ಲಿ ನಾನು ಮೊದಲು ಬಾಡಿಗೆದಾರನಾಗಿದ್ದೆ, ಈಗ ಎರಡು ಖೋಲಿ ಬಾಡಿಗೆಗೆ ಕೊಟ್ಟಿದ್ದೇನೆ. ಎರಡೂ ಕಡೆಯ ಸಂಕಟ ಕಂಡೇ ಬರೆಯುತ್ತಿದ್ದೇನೆ.

ಕಾಯ್ದೆ ಇಲ್ಲವೆಂದಲ್ಲ. 1947ರ ಮುಂಬಯಿ ಬಾಡಿಗೆ ಕಾಯ್ದೆ ಎಷ್ಟೋ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೇ ಕಟ್ಟಿಹಾಕಿತ್ತು. ಅದು ಮಾಲಕರಿಗೆ ಅನ್ಯಾಯವೆಂದು 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಬಂದದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮ. 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ವರ್ಷಕ್ಕೆ ಶೇಕಡಾ 4ರಷ್ಟು ಬಾಡಿಗೆ ಏರಿಸಲು ಅದು ಮಾಲಕರಿಗೆ ಅವಕಾಶ ಕೊಟ್ಟಿದೆ. ಹಣ ಪಡೆದವರು ಪಾವತಿ ಕೊಡಲೇಬೇಕು. ನೀರು, ಲೈಟು ಕಡಿದು ಬಾಡಿಗೆದಾರರನ್ನು ಓಡಿಸುವಂತಿಲ್ಲ. ಸೂರು ಸೋರಿದರೆ ಮಾಲಕರಿಗೆ 15 ದಿನಗಳ ನೋಟೀಸು ಕೊಟ್ಟು, ಆಗಲೂ ಅವರು ಕೈಹಚ್ಚದಿದ್ದರೆ ಬಾಡಿಗೆದಾರರೇ ದುರಸ್ತಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ವರ್ಷದ ಬಾಡಿಗೆಯ ಕಾಲುಭಾಗ ಮೀರದಂತೆ. ಈ ಮಾತು ಗೊತ್ತಿರುವ ಮನೆ ನಮ್ಮ ಗಲ್ಲಿಯಲ್ಲಿ ಒಂದೂ ಸಿಗಲಿಕ್ಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ‘ಹನ್ನೊಂದು ತಿಂಗಳ ಬಾಂಡ್’. ಒಂದು ವರ್ಷದೊಳಗಿನ ಕರಾರಾದರೆ ನೋಂದಣಿ ಬೇಡ, ಸ್ಟ್ಯಾಂಪ್ ಪೇಪರಿನ ಮೇಲೆ ಬರೆದು ನೋಟರಿ ಮಾಡಿಸಿದರೆ ಆಯಿತು ಎಂದು ಎಲ್ಲರೂ ನಂಬಿದ್ದಾರೆ. ಈ ಅಧಿನಿಯಮದ 55ನೆಯ ಕಲಮು ಹಾಗೆ ಹೇಳುವುದಿಲ್ಲ. ತಿಂಗಳು ಎಷ್ಟೇ ಇರಲಿ, ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲಕರದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯಿದೆ: ನೋಂದಣಿ ಇಲ್ಲದಿದ್ದಾಗ ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಮಾಲಕ ಅದನ್ನು ಸುಳ್ಳೆಂದು ಸಾಬೀತುಪಡಿಸುವವರೆಗೂ. ಪಿಂಚಣಿಯ ಜೊತೆಗೆ ಒಂದು ಖೋಲಿಯ ಬಾಡಿಗೆಯನ್ನೇ ನಂಬಿ ಬದುಕುವ ಮುದುಕಿಯೊಬ್ಬಳು ನಾಲ್ಕು ಕಾಸು ಉಳಿಸಲು ಹೋಗಿ ಇದರಲ್ಲಿ ಸಿಕ್ಕಿಬೀಳುತ್ತಾಳೆ. ಮನೆಯಲ್ಲಿರಲು ಅನುಮತಿ ಕೊಡುವ ‘ಲೀವ್ ಅಂಡ್ ಲೈಸೆನ್ಸ್’ ಕರಾರನ್ನು ಈಗ ಆಧಾರ್ ಹಚ್ಚಿ ಆನ್‌ಲೈನಿನಲ್ಲೇ ನೋಂದಾಯಿಸಬಹುದು. ಆದರೆ ತುಂಬುವ ಕೈ ಯಾರದು? ಏಜೆಂಟರದು. ಅವರು ಕೇಳಿದಷ್ಟು ಕೊಡಬೇಕು.

ಇನ್ನೊಂದು ಗೊಂದಲ ನೀವೇ ಬಿಡಿಸಬೇಕಾದದ್ದು. ಈ ಅಧಿನಿಯಮ ಅನ್ವಯವಾಗುವ ಪ್ರದೇಶಗಳನ್ನು ಅದರ ಅನುಸೂಚಿಗಳು ಗೊತ್ತುಮಾಡುತ್ತವೆ. ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆ ಹುಟ್ಟಿದ್ದು 1998ರಲ್ಲಿ. ಆದರೆ ಮಾಧವನಗರ ಅದರೊಳಗಿಲ್ಲ, ಅದರ ಪಕ್ಕದ ಗ್ರಾಮ ಪಂಚಾಯತಿ. ನಮ್ಮ ಹದ್ದಿನೊಳಗಿನ ಮನೆಗೆ ಯಾವ ಕಲಮು ಅನ್ವಯಿಸುತ್ತದೆ, ಯಾವುದು ಇಲ್ಲ, ತಕರಾರು ಬಂದರೆ ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಪಂಚಾಯತಿಯ ಫಲಕದ ಮೇಲೆ ಬರೆದು ಹಾಕಿಸಿ. ಮರಾಠಿಯ ಜೊತೆಗೆ ಕನ್ನಡದಲ್ಲೂ ಇರಲಿ. ಬಾಡಿಗೆದಾರರಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಮರಾಠಿ ಆಡಲು ಬರುತ್ತದೆ, ಓದಲು ಬರುವುದಿಲ್ಲ.

ಬರೀ ಫಲಕ ಸಾಲದು. ವಾರಕ್ಕೊಂದು ದಿನ ಪಂಚಾಯತಿಯಲ್ಲಿ ಒಂದು ಮೇಜು ಹಾಕಿಸಿ. ಕರಾರು ತುಂಬಿಕೊಡುವವರು, ಎರಡೂ ಭಾಷೆ ಬಲ್ಲವರು ಅಲ್ಲಿ ಕೂಡಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರು ಬಂದರೆ ಇನ್ನೂ ಒಳ್ಳೆಯದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ನೆರೆ ಸಂತ್ರಸ್ತರಿಗೆ ಅವರ ನೆರವು ಪುಕ್ಕಟೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನೆರೆಯ ಮಾತು ಸುಮ್ಮನೆ ಬಂದದ್ದಲ್ಲ. 2005, 2019, 2021ರಲ್ಲಿ ಕೃಷ್ಣೆ ಉಕ್ಕಿದಾಗ ಮನೆ ಮುಳುಗಿದವರು ಅವಸರದಲ್ಲಿ ಖೋಲಿ ಹುಡುಕಬೇಕಾಯಿತು. ಅಂಥ ಹೊತ್ತಿನಲ್ಲಿ ಕರಾರು ಓದಿ ಸಹಿ ಮಾಡುವ ಪುರಸೊತ್ತು ಯಾರಿಗೂ ಇರುವುದಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆಯನ್ನು ರಾಜ್ಯಗಳ ಮುಂದಿಟ್ಟಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಬೇಡ, ಬಾಡಿಗೆ ತಕರಾರಿಗೆಂದೇ ಪ್ರಾಧಿಕಾರವಿರಲಿ ಎನ್ನುತ್ತದೆ ಅದು. ಒಪ್ಪುವುದು ಬಿಡುವುದು ಮುಂಬಯಿಯ ವಿಧಾನಸಭೆಗೆ ಸೇರಿದ್ದು. ಅಲ್ಲಿಯವರೆಗೆ ನಾವು ಕಾಯಬೇಕಾಗಿಲ್ಲ. ಫಲಕಕ್ಕೂ ಮೇಜಿಗೂ ಹೊಸ ಕಾಯ್ದೆ ಬೇಡ. ಫಲಕದ ಮರಾಠಿ ಪ್ರತಿಯನ್ನು ಕೊಟ್ಟರೆ ಕನ್ನಡ ಬರಹವನ್ನು ನಾನೇ ಮಾಡಿಕೊಡುತ್ತೇನೆ. ಬರುವ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ನಮಗೆ ಬರಹದಲ್ಲಿ ಉತ್ತರ ಕೊಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಮಾಧವನಗರದ ಒಬ್ಬ ನಿವಾಸಿ