ಬಾಯಿಯಿಲ್ಲದ ಪೆಟ್ಟಿಗೆಯ ಜೊತೆ ಮಾತುಕತೆ

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಮುಖವಿಲ್ಲ, ಗುಂಡಿಯಿಲ್ಲ, ಪರದೆಯಿಲ್ಲ. ಬೆನ್ನ ತುಂಬ ತೂತು. ಹಾಡು ನುಂಗುತ್ತದೆ, ಅಂಕಿ ಉಗುಳುತ್ತದೆ. ಏನದು? ಅಜ್ಜ ಅಜ್ಜಿಯರೂ ಒಂದು ನಿಮಿಷ ಯೋಚಿಸಿ.

ಸೋತಿರಾ? ಉತ್ತರ, ಆಡಿಯೊ ಕನ್ವರ್ಟರ್. ಟೇಪ್ ರೆಕಾರ್ಡರಿನಿಂದ ಹೊರಬರುವ ಧ್ವನಿ ತಂತಿಯೊಳಗೆ ಏರಿಳಿಯುವ ವಿದ್ಯುತ್ತಿನ ಅಲೆ. ಕಂಪ್ಯೂಟರಿಗೆ ಅಲೆ ತಿಳಿಯುವುದಿಲ್ಲ, ಅಂಕಿ ಮಾತ್ರ ತಿಳಿಯುತ್ತದೆ. ಈ ಪೆಟ್ಟಿಗೆ ಅಲೆಯ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಸಲವೂ ಒಂದು ಅಂಕಿ ಬರೆದು ಕಂಪ್ಯೂಟರಿಗೆ ದಾಟಿಸುತ್ತದೆ.

ಇಂಥದ್ದೊಂದು ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಒಂದು ಕ್ಯಾಸೆಟ್ಟಿನ ದೆಸೆಯಿಂದ. ನಮ್ಮಮ್ಮ ರಾಗಿ ಬೀಸುತ್ತ ಹಾಡುತ್ತಿದ್ದ ಪದಗಳನ್ನು 1984ರಲ್ಲಿ ನನ್ನ ಅಕ್ಕ ಒಂದು ಸಿ-60 ಕ್ಯಾಸೆಟ್ಟಿನಲ್ಲಿ ತುಂಬಿಸಿದ್ದಳು. ಅಮ್ಮ ಹೋಗಿ ಬಹಳ ವರ್ಷವಾಯಿತು. ಅವಳ ದನಿ ಇರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಅಕ್ಕನಿಗೆ ಈಗ 81. ಕಿವಿ ತಿಂಗಳಿಂದ ತಿಂಗಳಿಗೆ ಮಂದವಾಗುತ್ತಿದೆ. "ಪೂರ್ತಿ ಕೇಳದಂತಾಗುವ ಮೊದಲು ಒಂದು ಸಲ ಕೇಳಿಸಪ್ಪ" ಎಂದಳು. ಟೇಪೋ ಹಳೆಯದು, ಎಷ್ಟು ಸಲ ಓಡಿದರೂ ತಾಳುತ್ತದೆ ಎಂಬ ಭರವಸೆಯಿಲ್ಲ. ಆದ್ದರಿಂದ ಓಡಿಸುವುದು ಒಂದೇ ಸಲ, ಆ ಒಂದು ಸಲದಲ್ಲೇ ಕಂಪ್ಯೂಟರಿಗೂ ಸೇರಬೇಕು ಎಂದು ನಿರ್ಧರಿಸಿದೆವು. ಪರಿಚಯದವರೊಬ್ಬರು ತಮ್ಮ ಚಿಕ್ಕ ಸ್ಟುಡಿಯೊ ಮುಚ್ಚುವಾಗ ಈ ಪೆಟ್ಟಿಗೆಯನ್ನೂ ಜೊತೆಗೆ ಎರಡು ಹಾಳೆಯ ಕೈಪಿಡಿಯನ್ನೂ ಕೊಟ್ಟರು. ಗುಂಡಿಯೇ ಇಲ್ಲದ ಯಂತ್ರಕ್ಕೆ ಹೀಗೆ ಮಾಡು ಎಂದು ಹೇಳುವುದು ಹೇಗೆ? ಕೈಪಿಡಿಯಲ್ಲಿ ಬರೆದಿತ್ತು: ಸೀರಿಯಲ್ ಪೋರ್ಟಿನ ಮೂಲಕ ಆಜ್ಞೆಗಳನ್ನು ಟೈಪ್ ಮಾಡಿ.

ನನ್ನ ಮೊಮ್ಮಗಳು 7ನೇ ತರಗತಿ. "ಸೀರಿಯಲ್ ಅಂದರೆ ಟೀವಿಯಲ್ಲಿ ಬರುವುದಲ್ಲವಾ ತಾತ?" ಎಂದಳು. ಅವಳಿಗೆ ಬ್ಯಾಂಕಿನ ಉದಾಹರಣೆ ಕೊಟ್ಟೆ. ಎಂಟು ಜನ ಹಣ ಕಟ್ಟಲು ಬಂದಿದ್ದಾರೆ ಎನ್ನು. ಎಂಟು ಕೌಂಟರ್ ಇದ್ದರೆ ಎಂಟೂ ಜನ ಒಟ್ಟಿಗೆ ಮುಂದೆ ಹೋಗಬಹುದು, ಅದು ಪ್ಯಾರಲಲ್. ಒಂದೇ ಕೌಂಟರ್ ಇದ್ದರೆ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು, ಅದು ಸೀರಿಯಲ್. ತಂತಿಯಲ್ಲಿ ಸಾಲು ನಿಲ್ಲುವವು ಸೊನ್ನೆ ಮತ್ತು ಒಂದು.

ಬಿ.ಕಾಂ. ಓದಿದವನಿಗೆ ಇದೆಲ್ಲ ಹೇಗೆ ಗೊತ್ತು ಎನ್ನಬೇಡಿ. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ನಮ್ಮ ದೇಶದ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಆಮೇಲೆ ಬಂದದ್ದು ಯುನಿಕ್ಸ್ ಕಂಪ್ಯೂಟರ್. ಒಳಕೋಣೆಯಲ್ಲಿ ಒಂದು ದೊಡ್ಡ ಯಂತ್ರ. ನಮ್ಮ ಮೇಜಿನ ಮೇಲೆ ಬರೀ ಪರದೆ ಮತ್ತು ಕೀಲಿಮಣೆ. ಎರಡಕ್ಕೂ ನಡುವೆ ಇದೇ ಸೀರಿಯಲ್ ತಂತಿ. ಮೌಸ್ ಎಂದರೆ ಆಗ ನಮಗೆ ರೆಕಾರ್ಡ್ ರೂಮಿನ ಇಲಿಯೇ. ಹಸಿರು ಅಕ್ಷರ ಟೈಪ್ ಮಾಡುವುದು, ಉತ್ತರಕ್ಕೆ ಕಾಯುವುದು, ಇಷ್ಟೇ ಕೆಲಸ. ಕಮಾಂಡ್ ಲೈನ್ ಎನ್ನುವುದು ಅದನ್ನೇ.

ಈ ಸಂಪರ್ಕದ ನಿಯಮಕ್ಕೆ ಆರ್‌ಎಸ್-232 ಎಂದು ಹೆಸರು. 1960ರಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು. ವಯಸ್ಸಿನಲ್ಲಿ ನಮ್ಮಂಥ ಅಜ್ಜಂದಿರ ಸಾಲಿಗೇ ಸೇರಬೇಕಾದದ್ದು. ಆದರೆ ಇನ್ನೂ ನಿವೃತ್ತಿಯಾಗಿಲ್ಲ. ಒಂಬತ್ತು ಪಿನ್ನಿನ ಪ್ಲಗ್ ಇದ್ದರೂ ಮುಖ್ಯವಾಗಿ ಬೇಕಾದದ್ದು ಮೂರೇ ತಂತಿ. ಒಂದು ಹೇಳುವುದಕ್ಕೆ, ಒಂದು ಕೇಳುವುದಕ್ಕೆ, ಇನ್ನೊಂದು ಎರಡಕ್ಕೂ ಸಮಾನವಾದ ನೆಲ. ನನ್ನ ಬಾಯಿಯ ತಂತಿ ನಿನ್ನ ಕಿವಿಗೆ, ನಿನ್ನ ಬಾಯಿಯ ತಂತಿ ನನ್ನ ಕಿವಿಗೆ ಸೇರಬೇಕು. ಬಾಯಿಗೆ ಬಾಯಿ ಸೇರಿಸಿದರೆ ಇಬ್ಬರೂ ಹೇಳುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಅಂಥ ಮನೆಗಳನ್ನು ನೀವೂ ನೋಡಿದ್ದೀರಿ. ಈಗಿನ ಲ್ಯಾಪ್‌ಟಾಪಿನಲ್ಲಿ ಒಂಬತ್ತು ಪಿನ್ನಿನ ಜಾಗ ಇರುವುದಿಲ್ಲವಾದ್ದರಿಂದ ಯುಎಸ್‌ಬಿಯಿಂದ ಸೀರಿಯಲ್ಲಿಗೆ ದಾಟಿಸುವ ಒಂದು ತುಂಡು ತಂತಿ ಕೊಂಡೆವು. ಸಿಕ್ಕಿಸಿದಾಗ ವಿಂಡೋಸ್ ಆದರೆ ಅದಕ್ಕೆ ಕಾಮ್ 3, ಕಾಮ್ 4 ಎಂಬಂಥ ಹೆಸರಿಡುತ್ತದೆ. ಲಿನಕ್ಸ್ ಆದರೆ ಸಾಮಾನ್ಯವಾಗಿ ಟಿಟಿವೈ ಯುಎಸ್‌ಬಿ 0. ಮಾತಾಡಲು ವಿಂಡೋಸಿನಲ್ಲಿ ಪುಟ್ಟಿ, ಲಿನಕ್ಸಿನಲ್ಲಿ ಸ್ಕ್ರೀನ್ ಅಥವಾ ಮಿನಿಕಾಮ್ ಎಂಬ ಪ್ರೋಗ್ರಾಂ ಸಾಕು. ಮೂರಕ್ಕೂ ದುಡ್ಡು ಕೊಡಬೇಕಿಲ್ಲ.

ಇನ್ನು ವೇಗ. ಇಬ್ಬರೂ ಒಂದೇ ವೇಗದಲ್ಲಿ ಮಾತಾಡಬೇಕು. ಅದನ್ನು ಬಾಡ್ ಎಂಬ ಮಾನದಲ್ಲಿ ಹೇಳುತ್ತಾರೆ. ಎಮಿಲ್ ಬೋದೊ ಎಂಬ ಫ್ರಾನ್ಸ್ ದೇಶದ ತಂತಿ ಇಲಾಖೆಯ ಎಂಜಿನಿಯರ್ 19ನೇ ಶತಮಾನದಲ್ಲಿ ಒಂದೊಂದು ಅಕ್ಷರಕ್ಕೂ ಐದು ಸಂಕೇತಗಳನ್ನು ಜೋಡಿಸುವ ಪದ್ಧತಿ ಮಾಡಿದರು. ಬಾಡ್ ಎಂಬ ಹೆಸರು ಅವರದ್ದೇ. ನಮ್ಮ ಪೆಟ್ಟಿಗೆಯ ಕೈಪಿಡಿಯಲ್ಲಿ 9,600 ಎಂದಿತ್ತು. ಹಾಗೆಂದರೆ ಸೆಕೆಂಡಿಗೆ 9,600 ಬಿಟ್.

ಇಂಗ್ಲಿಷಿನ ದೊಡ್ಡಕ್ಷರ 'ಎ'ಗೆ ಕಂಪ್ಯೂಟರಿನ ಲೆಕ್ಕದಲ್ಲಿ 65ನೇ ನಂಬರು. ಸೊನ್ನೆ ಒಂದರಲ್ಲಿ ಬರೆದರೆ 01000001. ಈ ಎಂಟು ಬಿಟ್‌ಗಳ ಮುಂದೆ 'ಬಂದೆ' ಎನ್ನಲು ಒಂದು ಸೊನ್ನೆ, ಕೊನೆಗೆ 'ಮುಗಿಯಿತು' ಎನ್ನಲು ಒಂದು ಒಂದು. ಒಟ್ಟು ಹತ್ತು. ಹಾಗಾದರೆ 9,600 ಬಾಡಿನಲ್ಲಿ ಸೆಕೆಂಡಿಗೆ ಎಷ್ಟು ಅಕ್ಷರ ಹೋಗುತ್ತದೆ? 960 ಎಂದು ಮೊಮ್ಮಗಳು ಬಾಯಲ್ಲೇ ಹೇಳಿದಳು.

ಸಂಪರ್ಕ ಕೊಟ್ಟೆವು. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿದವು. ಅವಳ ಮುಖ ಸಣ್ಣದಾಯಿತು. ಆದರೆ ಇದು ಒಳ್ಳೆಯ ಶಕುನ ಕಣೇ ಎಂದೆ. ಏನೂ ಬಾರದಿದ್ದರೆ ತಂತಿ ಹಿಡಿದು ನೋಡಬೇಕಿತ್ತು. ಕಸ ಬಂದರೆ ತಂತಿ ಸರಿಯಿದೆ, ವೇಗ ಬೇರೆ ಎಂದು ಅನುಮಾನಿಸಬೇಕು. ಅವನು ಬೇಗ ಬೇಗ ಹೇಳಿದ್ದನ್ನು ಇವನು ನಿಧಾನವಾಗಿ ಬರೆದುಕೊಂಡರೆ ಹೀಗೇ ಆಗುವುದು. ಪೆಟ್ಟಿಗೆ ಹಿಂದೆ ಬಳಸಿದವರ ಸ್ಟುಡಿಯೊದಲ್ಲಿ ಬೇರೆ ವೇಗಕ್ಕೆ ಬದಲಾಗಿತ್ತು. ವೇಗಗಳ ಸಾಮಾನ್ಯ ಪಟ್ಟಿ ಹೀಗಿದೆ: 9,600, 19,200, 38,400, 57,600, 1,15,200. ಎಲ್ಲವೂ 9,600ರ ಮಗ್ಗಿಯಲ್ಲೇ ಇವೆ ಎಂದು ಅವಳೇ ಕಂಡುಹಿಡಿದಳು. ಒಂದೊಂದಾಗಿ ನೋಡುತ್ತ 38,400ಕ್ಕೆ ಬಂದಾಗ ಅಕ್ಷರಗಳು ಶುದ್ಧವಾದವು.

ಆದರೂ ನಾವು ಬರೆದ ಆಜ್ಞೆಗೆ ಉತ್ತರವಿಲ್ಲ. ಕೈಪಿಡಿಯ ಮೂಲೆಯಲ್ಲಿತ್ತು ಕಾರಣ: ಪ್ರತಿ ಆಜ್ಞೆಯ ಕೊನೆಗೂ ಕ್ಯಾರೇಜ್ ರಿಟರ್ನ್ ಬೇಕು. ಅಜ್ಜಂದಿರೇ, ಟೈಪ್‌ರೈಟರ್ ನೆನಪಿದೆಯೇ? ಸಾಲು ಮುಗಿದು ಗಂಟೆ ಹೊಡೆದಾಗ ಸನ್ನೆ ತಳ್ಳಿದರೆ ಉರುಳೆ ಹಿಂದಕ್ಕೆ ಹೋಗುವುದು ಒಂದು ಕೆಲಸ, ಕಾಗದ ಮೇಲೇರುವುದು ಇನ್ನೊಂದು. ಕಂಪ್ಯೂಟರಿನಲ್ಲೂ ಅವು ಎರಡು ಬೇರೆ ಸಂಕೇತಗಳಾಗಿ ಉಳಿದಿವೆ. ಹಿಂದಕ್ಕೆ ಹೋಗು ಎಂಬುದು 13, ಮುಂದಿನ ಸಾಲು ಎಂಬುದು 10. ನಮ್ಮ ಪ್ರೋಗ್ರಾಂ 10 ಕಳಿಸುತ್ತಿತ್ತು, ಪೆಟ್ಟಿಗೆ 13ಕ್ಕೆ ಕಾಯುತ್ತಿತ್ತು. ಅದನ್ನು ಬದಲಿಸಿ 'ಹೆಲ್ಪ್' ಎಂದು ಬರೆದೊಡನೆ ಒಂದು ಪುಟ ಉತ್ತರ ಬಂತು. ಮೊಮ್ಮಗಳು ಕುರ್ಚಿಯ ಮೇಲೆ ನಿಂತು ಕುಣಿದಳು.

ಏನನ್ನೂ ಬದಲಿಸುವ ಮೊದಲು 'ಸ್ಟೇಟಸ್' ಕೇಳಿದೆವು. ನೋಟ್‌ಬುಕ್ಕಿನ ಎಡಪುಟದಲ್ಲಿ ಈಗ ಇರುವುದನ್ನೆಲ್ಲ ಬರೆದುಕೊಂಡೆವು. ಬ್ಯಾಂಕಿನ ಭಾಷೆಯಲ್ಲಿ ಅದು ಆರಂಭದ ಶಿಲ್ಕು. ಏನಾದರೂ ಎಡವಟ್ಟಾದರೆ ಹಿಂದಿರುಗಲು ದಾರಿ ಬೇಕಲ್ಲ. ಬಲಪುಟ ಬದಲಾವಣೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಮತ್ತೆ 'ಸ್ಟೇಟಸ್', ಸರಿಯಿದ್ದರೆ ಟಿಕ್.

ಮೊದಲನೆಯದು ಗಡಿಯಾರ. ಅಲೆಯನ್ನು ಯಾವ ಕ್ಷಣಕ್ಕೆ ಅಳೆಯಬೇಕೆಂದು ಹೇಳುವ ತಾಳ ಅದು. ಸ್ಟುಡಿಯೊದಲ್ಲಿ ಎಲ್ಲ ಯಂತ್ರಗಳೂ ಒಂದೇ ತಾಳಕ್ಕೆ ನಡೆಯಲೆಂದು ಹೊರಗಿನ ಗಡಿಯಾರ ಇಟ್ಟಿದ್ದರು. ನಮ್ಮ ಮನೆಯಲ್ಲಿ ಅದಿಲ್ಲ. ಆದ್ದರಿಂದ 'ನಿನ್ನ ತಾಳ ನೀನೇ ಹಾಕಿಕೋ' ಎಂದು ಒಳಗಿನ ಗಡಿಯಾರಕ್ಕೆ ಬದಲಿಸಿದೆವು.

ಎರಡನೆಯದು ಅಳತೆಯ ಸಂಖ್ಯೆ. ಎಳೆಯ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳುತ್ತದೆ. ಅಲೆಯನ್ನು ತಪ್ಪದೆ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸಿ.ಡಿ.ಯಲ್ಲಿ 44,100 ಇರುವುದು ಅದಕ್ಕೇ. ನಾವು 48,000 ಇಟ್ಟೆವು. ಪ್ರತಿ ಅಳತೆಗೂ 24 ಬಿಟ್. ಎಡ ಬಲ ಎರಡು ದಾರಿ. ಗುಣಿಸಿ ನೋಡಿ: ಸೆಕೆಂಡಿಗೆ 23,04,000 ಬಿಟ್! ನಮ್ಮ ಸೀರಿಯಲ್ ತಂತಿಯ 38,400ಕ್ಕೆ ಇದು 60 ಪಟ್ಟು. ಹಾಗಾಗಿ ಹಾಡು ಆ ತಂತಿಯಲ್ಲಿ ಹೋಗುವುದಿಲ್ಲ, ಅದಕ್ಕೆ ಬೇರೆ ತಂತಿ. ಸೀರಿಯಲ್ ತಂತಿ ಮ್ಯಾನೇಜರರ ಚೀಟಿಯಿದ್ದಂತೆ. ಹಣದ ಪೆಟ್ಟಿಗೆ ಹೋಗುವುದು ಬೇರೆ ಬಾಗಿಲಿನಿಂದ.

ಮೂರನೆಯದು ಒಳಬರುವ ಧ್ವನಿಯ ಮಟ್ಟ. ಸ್ಟುಡಿಯೊ ಯಂತ್ರಗಳು ಸುಮಾರು 1.2 ವೋಲ್ಟಿನಲ್ಲಿ ಮಾತಾಡುತ್ತವೆ, ಮನೆಯ ಟೇಪ್ ಡೆಕ್ ಸುಮಾರು 0.3 ವೋಲ್ಟಿನಲ್ಲಿ. ಅದನ್ನೂ ಹೊಂದಿಸಿದೆವು. ಕೊನೆಗೆ 'ಸೇವ್'. ಈ ಆಜ್ಞೆ ಕೊಡದೆ ಕರೆಂಟು ತೆಗೆದರೆ ಪೆಟ್ಟಿಗೆ ಎಲ್ಲವನ್ನೂ ಮರೆಯುತ್ತದೆ. ಆಫೀಸರ ಸಹಿಯಿಲ್ಲದ ವೋಚರ್ ಇದ್ದಂತೆ. ಸೇವ್ ಆದ ಮೇಲೆ ಪೆಟ್ಟಿಗೆ ಆರಿಸಿ, ಮತ್ತೆ ಹಚ್ಚಿ, ಮತ್ತೆ 'ಸ್ಟೇಟಸ್' ಕೇಳಿ ಬಲಪುಟಕ್ಕೆ ತಾಳೆ ನೋಡಿದೆವು. ತಾಳೆಯಾಯಿತು.

ಪರೀಕ್ಷೆಗೆ ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್ಟೊಂದನ್ನು ಹಾಕಿದೆವು. ಧ್ವನಿಯ ಅಳತೆಯಲ್ಲಿ ಸೊನ್ನೆ ಎಂದರೆ ಛಾವಣಿ. ಅದಕ್ಕೆ ತಗುಲಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮತ್ತೆ ಚಿಗುರುವುದಿಲ್ಲ. ಮೆಲ್ಲಗೆ ತುಂಬಿಸಿದ್ದನ್ನು ಆಮೇಲೆ ಏರಿಸಬಹುದು. ಸಾರಿಗೆ ಉಪ್ಪು ಹಾಕುವ ನಿಯಮವೇ ಇದು. "ಇನ್ನೂ ಸ್ವಲ್ಪ ಜೋರು ಮಾಡೋಣ ತಾತ" ಎಂದಳು ಮೊಮ್ಮಗಳು. ಬೇಡ, ಹಾಡಿನ ಏರು ಛಾವಣಿಯಿಂದ 12 ಡೆಸಿಬೆಲ್ ಕೆಳಗೇ ಇರಲಿ ಎಂದೆ.

ಅಮ್ಮನ ಕ್ಯಾಸೆಟ್ಟಿನೊಳಗೆ ಟೇಪನ್ನು ಒತ್ತಿಹಿಡಿಯುವ ಸ್ಪಂಜಿನ ತುಣುಕು ಉದುರಿತ್ತು. ರೇಡಿಯೊ ರಿಪೇರಿಯ ಹುಡುಗ ಬೇರೆ ಅಂಟಿಸಿಕೊಟ್ಟ. ಭಾನುವಾರ ಬೆಳಿಗ್ಗೆ ಅಕ್ಕ ಬಂದು ಕೂತಳು. ಹೆಡ್‌ಫೋನು ಹಾಕಿದೆವು. ಮೊದಲು ಬೀಸುವ ಕಲ್ಲಿನ ಸದ್ದು, ಆಮೇಲೆ ಅಮ್ಮನ ದನಿ. ಅಕ್ಕ ಕಣ್ಣು ಮುಚ್ಚಿ ಕೈಯಲ್ಲಿ ಕಲ್ಲಿನ ಗೂಟ ತಿರುಗಿಸುವಂತೆ ಸುತ್ತಿಸುತ್ತಿದ್ದಳು. ಸುಮಾರು ಇಪ್ಪತ್ತು ನಿಮಿಷವಾದ ಮೇಲೆ ಹಾಡು ತಟ್ಟನೆ ನಿಂತು, ಅಮ್ಮ ಗಟ್ಟಿಯಾಗಿ ಕೂಗಿದಳು: "ಏ ಹುಡುಗೀ, ಹಾಲು ಉಕ್ಕುತ್ತೆ ನೋಡೇ!" ಪರದೆಯ ಮೇಲಿನ ಪಟ್ಟಿ ಹಾರಿ ಛಾವಣಿಗೆ 4 ಡೆಸಿಬೆಲ್ ಇರುವಲ್ಲಿ ನಿಂತಿತು. ಜೋರು ಮಾಡಿದ್ದರೆ ಆ ಕೂಗೇ ಒಡೆದುಹೋಗುತ್ತಿತ್ತು. ಆ ಹುಡುಗಿ ನಮ್ಮಕ್ಕ. ಆಗಲೇ ಅವಳಿಗೆ ನಲವತ್ತು ದಾಟಿತ್ತು. ಅಕ್ಕ ಕಣ್ಣು ಬಿಟ್ಟು ನಗುತ್ತ, ಕಿವಿ ಮಂದವಾದವರು ಮಾತಾಡುವಂತೆ ಜೋರಾಗಿ, "ಆವತ್ತು ಅರ್ಧ ಹಾಲು ಒಲೆಗೇ ಹೋಯಿತು" ಎಂದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಟೇಪು ಕೊನೆಯವರೆಗೂ ತಾಳಿತು.

ಈಗ ನಿಮಗೆ ನಾಲ್ಕು ಮಾತು. ಎಲ್ಲರಿಗೂ ಇಂಥ ಸ್ಟುಡಿಯೊ ಪೆಟ್ಟಿಗೆ ಬೇಕಿಲ್ಲ. ಯುಎಸ್‌ಬಿಗೆ ನೇರ ಸಿಕ್ಕಿಸುವ ಸಾದಾ ಕನ್ವರ್ಟರುಗಳೂ ಸಿಗುತ್ತವೆ. ಸೀರಿಯಲ್ ತಂತಿ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಆರ್‌ಎಸ್-232ರಲ್ಲಿ 15 ವೋಲ್ಟಿನವರೆಗೂ ಇರಬಹುದು, 3.3 ವೋಲ್ಟಿನ ಚಿಕ್ಕ ಬೋರ್ಡುಗಳ ಪಿನ್ನಿಗೆ ಅದನ್ನು ನೇರ ಕೊಟ್ಟರೆ ಬೋರ್ಡು ಸುಟ್ಟೀತು. ಕರೆಂಟಿಗೆ ಸೇರಿದ ಪೆಟ್ಟಿಗೆಯ ಮುಚ್ಚಳವನ್ನು ಮಕ್ಕಳು ತೆಗೆಯಬಾರದು. ತುಂಬಿಸಿದ್ದರ ಪ್ರತಿ ಮೂರು ಇರಲಿ, ಅದರಲ್ಲೊಂದು ಬೇರೆಯವರ ಮನೆಯಲ್ಲಿರಲಿ. ನಮ್ಮ ಕ್ಯಾಸೆಟ್ಟಿನ ಒಂದು ಗಂಟೆಗೆ ಸುಮಾರು ಒಂದು ಗಿಗಾಬೈಟ್ ಆಯಿತು; ಪೆನ್‌ಡ್ರೈವಿಗೆ ಅದೇನೂ ಭಾರವಲ್ಲ.

ಮಕ್ಕಳೇ, ಈ ಭಾನುವಾರ ಅಜ್ಜಿಯ ಟ್ರಂಕು, ಅಟ್ಟದ ಡಬ್ಬಿ ಹುಡುಕಿ. ಬರಹವಿಲ್ಲದ ಕ್ಯಾಸೆಟ್ಟು ಸಿಕ್ಕರೆ ಎಸೆಯುವ ಮೊದಲು ಯಾರ ದನಿ ಎಂದು ಕೇಳಿ, ಹೆಸರು ಇಸವಿ ಬರೆದಿಡಿ. ಅಜ್ಜ ಅಜ್ಜಿಯರೇ, ಟೈಪ್ ಮಾಡುವ ಕೆಲಸ ಮೊಮ್ಮಕ್ಕಳಿಗೆ ಬಿಡಿ, ನೋಟ್‌ಬುಕ್ಕಿನಲ್ಲಿ ತಾಳೆ ನೋಡುವ ಕೆಲಸ ನಿಮಗಿರಲಿ. ಮುಂದಿನ ವಾರ, ಹಳೆಯ ಫೋಟೊಗಳ ಹಿಂದೆ ಹೆಸರು ಬರೆಯುವುದು ಹೇಗೆ ಎಂದು ನೋಡೋಣ. ಪೆನ್ಸಿಲ್ ಚೂಪು ಮಾಡಿಟ್ಟುಕೊಳ್ಳಿ.